ಬ್ಯಾಂಕ್ ಅಳೆದದ್ದು ಸಾಲಕ್ಕೆ, ಗಡಿಗಲ್ಲ

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಕಡ್ಡಾಯವೆಂಬ ಸುದ್ದಿ ಬಂದಾಗಿನಿಂದ ಮನೆ ಮಾಲೀಕರಲ್ಲಿ ಒಂದು ಗೊಂದಲ ಗಟ್ಟಿಯಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದ ಮೇಲೂ ಅದು ಕರಗಿಲ್ಲ. ಇ-ಖಾತೆಯ ಹಾಳೆಯಲ್ಲಿ ಮನೆಯ ಫೋಟೊ ಇದೆ, ಉದ್ದಗಲ ಇದೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಅಂದರೆ ಯಾವ ದಿಕ್ಕಿಗೆ ಏನಿದೆ ಎಂಬ ವಿವರ, ಇದೆ. ಸಾಲ ಕೊಡುವ ಮುಂಚೆ ಬ್ಯಾಂಕಿನವರೂ ಇಂಜಿನಿಯರನ್ನು ಕಳಿಸಿ ಟೇಪ್ ಹಿಡಿಸಿದ್ದಾರೆ, ವಕೀಲರ ಕೈಲಿ ಕಾಗದ ಓದಿಸಿದ್ದಾರೆ. ಇಷ್ಟೆಲ್ಲ ಆದ ಮೇಲೆ ಪಕ್ಕದ ಸೈಟಿನವರು ಬಂದು "ನಿಮ್ಮ ಕಾಂಪೌಂಡ್ ನಮ್ಮ ಜಾಗದಲ್ಲಿದೆ" ಅಂದರೆ ಅದು ಹೇಗೆ ಸಾಧ್ಯ?

ಸಾಧ್ಯ. ಈ ಕಾಗದಗಳಲ್ಲಿ ಯಾವುದೊಂದೂ ಗಡಿಯನ್ನು ಅಳೆದಿಲ್ಲ. ಇ-ಖಾತೆಯಲ್ಲಿರುವ ಅಳತೆ ಹಳೆಯ ಖಾತಾ ಪುಸ್ತಕದಿಂದಲೋ ಕ್ರಯಪತ್ರದಿಂದಲೋ ಇಳಿದು ಬಂದದ್ದು. ಅದಕ್ಕಾಗಿ ಯಾರೂ ಬಂದು ಗಡಿಕಲ್ಲು ಹುಡುಕಿಲ್ಲ. ಬ್ಯಾಂಕಿನ ಇಂಜಿನಿಯರ್ ಜಾಗಕ್ಕೆ ಬಂದದ್ದು ನಿಜ, ಆದರೆ ಅವರು ಉತ್ತರ ಹುಡುಕಿದ್ದು ಬೇರೆಯೇ ಪ್ರಶ್ನೆಗೆ.

ಬ್ಯಾಂಕಿನ ಪ್ರಶ್ನೆ ಏನು

ಕಂತು ನಿಂತು ಹೋಗಿ ಮನೆಯನ್ನು ಮಾರಬೇಕಾಗಿ ಬಂದರೆ ಎಷ್ಟು ಹುಟ್ಟುತ್ತದೆ? ಬ್ಯಾಂಕಿಗೆ ಬೇಕಿರುವುದು ಇಷ್ಟೇ. ಮೌಲ್ಯಮಾಪನ ವರದಿ, ಅಂದರೆ ರೂಢಿಯ ಮಾತಿನಲ್ಲಿ ವ್ಯಾಲ್ಯುಯೇಷನ್ ರಿಪೋರ್ಟ್, ಇದಕ್ಕೆಂದೇ ಹುಟ್ಟಿದ ಕಾಗದ. ಪ್ಯಾನೆಲ್ ಇಂಜಿನಿಯರ್ ಬಂದು ಫೋಟೊ ತೆಗೆಯುತ್ತಾರೆ, ಅಕ್ಷಾಂಶ ರೇಖಾಂಶ ಗುರುತಿಸುತ್ತಾರೆ, ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ತಾಳೆ ನೋಡುತ್ತಾರೆ. ಕಟ್ಟಡದ ವಯಸ್ಸು, ಇನ್ನೆಷ್ಟು ವರ್ಷ ಬಾಳಬಹುದು, ಎದುರಿನ ರಸ್ತೆ ಎಷ್ಟು ಅಗಲ, ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಎಷ್ಟು, ಮಾರುಕಟ್ಟೆ ಬೆಲೆ ಎಷ್ಟು, ತರಾತುರಿಯಲ್ಲಿ ಮಾರಿದರೆ ಎಷ್ಟು ಎಂಬುದೆಲ್ಲ ವರದಿಯಲ್ಲಿ ಬರುತ್ತದೆ. ಚಕ್ಕುಬಂದಿಗೆ ಎರಡು ಕಾಲಂ ಇರುತ್ತದೆ: ದಾಖಲೆಯ ಪ್ರಕಾರ, ಸ್ಥಳದ ಪ್ರಕಾರ. ಪೂರ್ವಕ್ಕೆ ರಸ್ತೆ ಎಂದು ಕ್ರಯಪತ್ರದಲ್ಲಿದ್ದು ಸ್ಥಳದಲ್ಲೂ ರಸ್ತೆ ಕಂಡರೆ ಆ ಸಾಲು ಮುಗಿಯಿತು. ರಸ್ತೆಯ ಅಂಚು ಎರಡಡಿ ಆಚೆಗಿದೆಯೋ ಈಚೆಗಿದೆಯೋ ಎಂದು ಕೇಳುವ ಕಾಲಂ ಅದರಲ್ಲಿಲ್ಲ.

ವರದಿಯ ಕೊನೆಯ ಪುಟದ ಸಣ್ಣಕ್ಷರವನ್ನು ಬಹಳ ಜನ ಓದುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ಮೂರು ಮಾತಿರುತ್ತವೆ: ಸರ್ವೆ ಮಾಡಿಲ್ಲ, ಕೊಟ್ಟ ದಾಖಲೆಗಳನ್ನು ನಂಬಿ ಬರೆಯಲಾಗಿದೆ, ಈ ವರದಿ ಬ್ಯಾಂಕಿನ ಉಪಯೋಗಕ್ಕೆ ಮಾತ್ರ. ಶುಲ್ಕ ಕಟ್ಟಿದವರು ನಾವು, ವರದಿ ಬ್ಯಾಂಕಿನದು!

ವಕೀಲರ ಅಭಿಪ್ರಾಯದ ಕಥೆಯೂ ಇದೇ. ಅವರು ಮೂಲಪತ್ರಗಳನ್ನೂ, ಆಸ್ತಿಯ ನೋಂದಾಯಿತ ವ್ಯವಹಾರ, ಅಡಮಾನ ತೋರಿಸುವ ಋಣಭಾರ ಪತ್ರವನ್ನೂ (ಇಸಿ) ಓದಿ, ಹಕ್ಕು ಯಾರಿಂದ ಯಾರಿಗೆ ಬಂತು ಎಂದು ಹೇಳುತ್ತಾರೆ. ಹಕ್ಕಿನ ಸರಪಳಿ ಸರಿಯಿದ್ದರೂ ಆ ಹಕ್ಕು ನೆಲದ ಮೇಲೆ ಎಲ್ಲಿ ಕೂತಿದೆ ಎಂಬುದು ಕಾಗದ ಓದಿ ತಿಳಿಯುವಂಥದ್ದಲ್ಲ.

ಒಂದೂವರೆ ಅಡಿ ಬ್ಯಾಂಕಿಗೆ ಕಾಣದೇಕೆ

ಇದು ಉದಾಸೀನವಲ್ಲ, ಲೆಕ್ಕಾಚಾರ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಬೆಲೆಯ ಶೇ 90, 30ರಿಂದ 75 ಲಕ್ಷಕ್ಕೆ ಶೇ 80, ಅದರ ಮೇಲೆ ಶೇ 75ರವರೆಗೆ ಮಾತ್ರ ಸಾಲ ಕೊಡಬಹುದು. ಉಳಿದದ್ದು ಮಾಲೀಕನ ಕೈಯಿಂದ.

ಮನೆ ಸೈಟು ಸೇರಿ 80 ಲಕ್ಷದ ಆಸ್ತಿ ಅಂದುಕೊಳ್ಳಿ, ಅದರಲ್ಲಿ 30×40 ಸೈಟಿನ ಬೆಲೆ 50 ಲಕ್ಷ. ಸಾಲ 64 ಲಕ್ಷ, ಸ್ವಂತ ದುಡ್ಡು 16 ಲಕ್ಷ. ಒಂದು ಕಡೆಯ ಗಡಿ 40 ಅಡಿಯ ಉದ್ದಕ್ಕೂ ಒಂದೂವರೆ ಅಡಿ ಒಳಗೆ ಸರಿದರೆ 60 ಚದರಡಿ, ಎಂದರೆ ಸೈಟಿನ ಶೇ 5, ಕೈತಪ್ಪಿತು. ಬೆಲೆಯಲ್ಲಿ ಎರಡೂವರೆ ಲಕ್ಷ. ಆಸ್ತಿ ಈಗ 77.5 ಲಕ್ಷದ್ದು, ಸಾಲ 64 ಲಕ್ಷದ್ದೇ. ಬ್ಯಾಂಕಿನ ಹಣಕ್ಕೆ ಯಾವ ಧಕ್ಕೆಯೂ ಇಲ್ಲ. ನಷ್ಟ ಪೂರ್ತಿ ಬಿದ್ದದ್ದು ಮಾಲೀಕನ 16 ಲಕ್ಷದ ಮೇಲೆ. ಗೋಡೆ ಒಡೆದು ಕಟ್ಟುವ ಖರ್ಚು ಬೇರೆ. ಬ್ಯಾಂಕಿನ ದೃಷ್ಟಿಯಲ್ಲಿ ಒಂದೂವರೆ ಅಡಿ ಅಳೆಯಲು ಹೋಗುವುದು ದಂಡದ ಕೆಲಸ.

ಇದು ನಮ್ಮಲ್ಲಷ್ಟೇ ಇರುವ ರಿವಾಜಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಾತರಿಗಾಗಿ ತಯಾರಾಗುವ ಮಾರ್ಟ್‌ಗೇಜ್ ಇನ್‌ಸ್ಪೆಕ್ಷನ್ ಪ್ಲಾನ್ ನೋಡಲು ಥೇಟ್ ಸರ್ವೆ ನಕ್ಷೆಯಂತೆಯೇ ಇರುತ್ತದೆ. ಆದರೆ ಬೇಲಿ ಹಾಕಲಿಕ್ಕೋ ಗಡಿ ತೀರ್ಮಾನಕ್ಕೋ ಇದನ್ನು ಬಳಸಬಾರದು ಎಂದು ಆ ನಕ್ಷೆಯ ಮೇಲೇ ಬರೆದಿರುತ್ತಾರೆ. ಬಾಸ್ಟನ್ ಸುತ್ತಮುತ್ತ ಮನೆ ಕೊಂಡ ಕನ್ನಡಿಗರು ತಮ್ಮ ಕಡತ ತೆಗೆದು ನೋಡಬಹುದು.

ಹದ್ದುಬಸ್ತು: ಕಲ್ಲಿನಿಂದ ಶುರುವಾಗುವ ಅಳತೆ

ಗಡಿಯನ್ನೇ ಅಳೆಯುವ ಕೆಲಸಕ್ಕೆ ಕರ್ನಾಟಕದಲ್ಲಿ ಇರುವ ಹೆಸರು ಹದ್ದುಬಸ್ತು. ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರಿಗೆ ಕೆಲಸ ಹಂಚಿಕೆಯಾಗುತ್ತದೆ. ಅವರು ಅಕ್ಕಪಕ್ಕದ ಖಾತೆದಾರರಿಗೆ ನೋಟಿಸ್ ಕೊಟ್ಟು ದಿನ ಗೊತ್ತುಮಾಡಬೇಕು. ಆ ದಿನ ಮೂಲ ಸರ್ವೆಯ ಟಿಪ್ಪಣಿ (ಸರ್ವೆ ನಂಬರಿನ ಅಳತೆ ಬರೆದ ನಕ್ಷೆ), ಗ್ರಾಮನಕ್ಷೆ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಹಿಡಿದು ಬಂದು, ಮೊದಲು ಹುಡುಕುವುದು ಗಡಿಗೆ ನೆಟ್ಟ ಹಳೆಯ ಬಾಂದುಕಲ್ಲುಗಳನ್ನು. ನಿಮ್ಮ ಜಮೀನಿನ ಕಲ್ಲು ಸಿಗದಿದ್ದರೆ ಪಕ್ಕದ ಸರ್ವೆ ನಂಬರಿನದು, ಅಲ್ಲೂ ಇಲ್ಲದಿದ್ದರೆ ಅದರಾಚೆಯದು. ಅಲುಗದ ಎರಡು ಮೂರು ಗುರುತು ಸಿಕ್ಕಿ ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾದರೆ, ಅಲ್ಲಿಂದ ನಿಮ್ಮ ಮೂಲೆಗಳನ್ನು ಗುರುತಿಸುತ್ತಾರೆ. ಹಾಜರಿದ್ದವರ ಹೇಳಿಕೆ, ಪಂಚನಾಮೆ, ನಕ್ಷೆ ಸೇರಿ ಕಡತವಾಗುತ್ತದೆ.

ಬ್ಯಾಂಕಿನ ಅಳತೆಗೂ ಇದಕ್ಕೂ ಇರುವ ಬುಡದ ವ್ಯತ್ಯಾಸ ಇದು: ಬ್ಯಾಂಕಿನ ಇಂಜಿನಿಯರ್ ಗೋಡೆಯಿಂದ ಗೋಡೆಗೆ ಅಳೆಯುತ್ತಾರೆ. ಭೂಮಾಪಕರು ಗೋಡೆ ಇಲ್ಲವೆಂದೇ ತಿಳಿದು ಕಲ್ಲಿನಿಂದ ಅಳೆದು, ಗೋಡೆ ಎಲ್ಲಿ ಬಂದಿದೆ ಎಂದು ಆಮೇಲೆ ನೋಡುತ್ತಾರೆ.

ಹಾಗೆಂದು ಹದ್ದುಬಸ್ತು ದೋಷವಿಲ್ಲದ್ದಲ್ಲ. ಮೈಸೂರು, ಮುಂಬೈ ಪದ್ಧತಿಯ ಮೂಲ ಸರ್ವೆ ನಡೆದದ್ದು 33 ಅಡಿಯ ಸರಪಳಿಯಲ್ಲಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ 1089 ಚದರಡಿ, ಅದೇ ಒಂದು ಗುಂಟೆ. ಸರಪಳಿಗೆ 16 ಆಣೆ, ಒಂದಾಣೆ ಎರಡಡಿಗಿಂತ ಚೂರು ಹೆಚ್ಚು. ಕಂದಾಯ ಹಾಕಲೆಂದು ಹೊಲ ಅಳೆದವರಿಗೆ ಆಣೆ ಅರ್ಧ ಆಣೆ ಸಾಕಾಗಿತ್ತು. ಚದರಡಿಗೆ ಸಾವಿರಾರು ರೂಪಾಯಿ ಬಾಳುವ ಕಾಲದಲ್ಲಿ ಅದೇ ದಾಖಲೆಯಿಂದ ಇಂಚಿನ ಉತ್ತರ ಬೇಡಿದರೆ ಅದು ಕೊಡಲಾರದು. ಇಲಾಖೆಯವರ ಕೈಗೆ ಈಗ ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್ ಬಂದಿದೆ, ಸೆಂಟಿಮೀಟರ್ ಲೆಕ್ಕದಲ್ಲಿ ಸ್ಥಾನ ಹೇಳುತ್ತದೆ. ಉಪಕರಣ ಹೊಸದಾದರೂ ಆಧಾರ ಟಿಪ್ಪಣಿಯದೇ ಆದ್ದರಿಂದ, ಟಿಪ್ಪಣಿಯ ಒರಟುತನ ಉತ್ತರದಲ್ಲಿ ಉಳಿದೇ ಇರುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಕಡೆಯ ದಾಖಲೆಗಳ ರೀತಿ ಬೇರೆ. ಕರಾವಳಿಯಲ್ಲಿ ಸೆಂಟ್ಸ್ ಲೆಕ್ಕ, ಒಂದು ಸೆಂಟ್ಸ್‌ಗೆ 435.6 ಚದರಡಿ.

ಲೇಔಟಿನ ಸೈಟಿಗೆ ಗಡಿ ಎಲ್ಲಿಂದ ಬಂತು

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹದ್ದುಬಸ್ತು ಸಿಗುವುದು ಕಂದಾಯ ದಾಖಲೆಯಲ್ಲಿರುವ ಸರ್ವೆ ನಂಬರಿಗೆ, ಅದರ ಹಿಸ್ಸೆಗೆ (ಪಾಲಿಗೆ). ಭೂಪರಿವರ್ತನೆಯಾಗಿ ಲೇಔಟ್ ಎದ್ದ ಮೇಲೆ ಒಳಗಿನ 30×40 ಸೈಟುಗಳು ಆ ದಾಖಲೆಯಲ್ಲಿ ಇರುವುದಿಲ್ಲ. ಸರ್ವೆಯಿಂದ ಲೇಔಟಿನ ಹೊರಗಡಿ ಗೊತ್ತಾಗುತ್ತದೆ. ಒಳಗಿನ ಪ್ರತಿ ಸೈಟಿನ ಸ್ಥಾನ ಹೇಳಬೇಕಾದದ್ದು ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ. ರೆವಿನ್ಯೂ ಸೈಟಾಗಿದ್ದರೆ, ಅಂದರೆ ಅನುಮೋದನೆಯಿಲ್ಲದೆ ಕಂದಾಯ ಜಮೀನನ್ನೇ ತುಂಡು ಮಾಡಿ ಮಾರಿದ್ದಾಗಿದ್ದರೆ, ಅದೂ ಇಲ್ಲ. ಡೆವಲಪರ್ ಬರೆಸಿದ ಸ್ಕೆಚ್ಚೇ ಗತಿ, ಅದಕ್ಕೆ ಅಧಿಕೃತ ಬೆಲೆಯಿಲ್ಲ.

ನಕ್ಷೆ ಅನುಮೋದನೆಯಾದ ಲೇಔಟಿನಲ್ಲೂ ತಪ್ಪು ಹೇಗೆ ನುಸುಳುತ್ತದೆ ನೋಡಿ. ನಕ್ಷೆಯಲ್ಲಿ ಒಂದು ಸಾಲಿನಲ್ಲಿ 30 ಅಡಿಯ ಹತ್ತು ಸೈಟು, ಒಟ್ಟು 300 ಅಡಿ. ನೆಲದ ಮೇಲೆ ಎರಡು ಅಡ್ಡರಸ್ತೆಗಳ ನಡುವೆ ಸಿಕ್ಕದ್ದು 297 ಅಡಿ. ಮೇಸ್ತ್ರಿ ಒಂದು ತುದಿಯಿಂದ 30 ಅಡಿಗೊಂದು ಗೂಟ ಹೊಡೆಯುತ್ತ ಬರುತ್ತಾನೆ, ಒಂಬತ್ತು ಸೈಟು ಸರಿಯಾಗುತ್ತವೆ, ಹತ್ತನೆಯದಕ್ಕೆ ಉಳಿಯುವುದು 27 ಅಡಿ. ಹತ್ತೂ ಕ್ರಯಪತ್ರಗಳಲ್ಲಿ ಇರುವುದು 30 ಅಡಿಯೇ. ಹತ್ತನೆಯವರು ಮನೆ ಕಟ್ಟಲು ಹೊರಟ ದಿನ ಒಂಬತ್ತನೆಯವರ ಗೋಡೆ ಮೂರಡಿ ಒತ್ತುವರಿಯಂತೆ ಕಾಣುತ್ತದೆ. ಒಂಬತ್ತನೆಯವರು ಅಳೆದು ತೋರಿಸಿದರೆ ತಮ್ಮದು ಕರಾರುವಾಕ್ಕಾಗಿ 30. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಂಥ ಕಡೆ ಒಂದೇ ಸೈಟನ್ನು ಅಳೆಸಿ ಪ್ರಯೋಜನವಿಲ್ಲ, ರಸ್ತೆಯಿಂದ ರಸ್ತೆಗೆ ಇಡೀ ಸಾಲನ್ನು ಅಳೆಯಬೇಕು.

ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಇರುವ ಆಸ್ತಿಗೆ ಸಿಟಿ ಸರ್ವೆ ಕಚೇರಿಯಲ್ಲೇ ನಕ್ಷೆ ಸಿಗುವುದರಿಂದ ದಾರಿ ಸ್ವಲ್ಪ ಸಲೀಸು. ಹಳ್ಳಿಯ ಗ್ರಾಮಠಾಣಾ (ಊರೊಳಗಿನ ವಾಸದ ಜಾಗ) ಮನೆಗಳಿಗೆ ಮೂಲ ಸರ್ವೆಯಲ್ಲಿ ಒಳವಿವರವೇ ಇರಲಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ಅದನ್ನು ತುಂಬಲು ಹೊರಟಿದೆ. ಫ್ಲ್ಯಾಟ್ ಮಾಲೀಕರಿಗೆ ಈ ಚಿಂತೆ ಬೇರೆ ಬಗೆಯದು. ಅವರದು ಒಟ್ಟು ಜಾಗದಲ್ಲಿ ಅವಿಭಾಜ್ಯ ಪಾಲು, ಗಡಿ ತಕರಾರು ಬಂದರೆ ಇಡೀ ಸಮುಚ್ಚಯಕ್ಕೆ.

ಟೇಪು, ಕರ್ಣ, ಫೋನು

30×40 ಸೈಟಿನ ನಾಲ್ಕೂ ಬದಿ ಅಳೆದು ಸರಿಯಿದೆ ಎಂದು ನೆಮ್ಮದಿಯಾಗುವವರು ಕರ್ಣ ಅಳೆಯುವುದಿಲ್ಲ. ಮೂಲೆಗಳು ಮಟ್ಟವಾಗಿದ್ದರೆ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. ಒಂದು 51, ಇನ್ನೊಂದು 49 ಬಂತೆನ್ನಿ. ಬದಿಗಳು ಆಗಲೂ 30, 40 ಆಗಿಯೇ ಇರುತ್ತವೆ, ವಿಸ್ತೀರ್ಣವೂ ಒಂದು ಚದರಡಿಯಷ್ಟೇ ಕುಗ್ಗುತ್ತದೆ. ಆದರೆ ರಸ್ತೆ ಬದಿಯನ್ನು ಸರಿಯೆಂದು ಹಿಡಿದರೆ ಹಿಂಬದಿಯ ಮೂಲೆ ಸುಮಾರು 20 ಇಂಚು ಪಕ್ಕಕ್ಕೆ ವಾಲಿರುತ್ತದೆ. ಒಂದು ಕಡೆ ನೀವು ಪಕ್ಕದವರ ಜಾಗದಲ್ಲಿ, ಇನ್ನೊಂದು ಕಡೆ ಇನ್ನೊಬ್ಬರು ನಿಮ್ಮ ಜಾಗದಲ್ಲಿ. ಬ್ಯಾಂಕಿನ ವರದಿಯಲ್ಲಿ ಈ ಸೈಟಿಗೆ 1200 ಚದರಡಿ ಎಂದು ಬರೆದರೆ ತಪ್ಪೇನೂ ಇಲ್ಲ!

ಇನ್ನು ಫೋನ್. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ತಮ್ಮ ಮನೆ ಗೆರೆಯೊಳಗಿದೆಯೋ ಹೊರಗಿದೆಯೋ ನೋಡುವವರು ಹೆಚ್ಚಿದ್ದಾರೆ. ನಿಂತ ಜಾಗ ಯಾವ ಸರ್ವೆ ನಂಬರು ಎಂದು ತಿಳಿಯಲು ಅದು ಬಹಳ ಒಳ್ಳೆಯದು. ಆದರೆ ಅದು ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದ್ದು, ಫೋನಿನ ಜಿಪಿಎಸ್ ಬಟಾಬಯಲಲ್ಲೂ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ. 30 ಅಡಿ ಸೈಟಿನ ಅಗಲವೇ 9.14 ಮೀಟರ್. ಅರ್ಧ ಸೈಟಿನಷ್ಟು ಅನುಮಾನ ಇಟ್ಟುಕೊಂಡು ಗೋಡೆಯ ಜಗಳ ತೀರಿಸಲಾಗದು.

ಕಣ್ಣಿಗೆ ಕಾಣದ ಕಾಲುವೆ

ಬ್ಯಾಂಕಿನ ಪರಿಶೀಲನೆಗೂ ಸರ್ವೆಗೂ ಇರುವ ಅಂತರ ಅತಿ ದುಬಾರಿಯಾಗುವುದು ಮಳೆನೀರು ಹರಿಯುವ ರಾಜಕಾಲುವೆಯ ವಿಷಯದಲ್ಲಿ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ತೆರವು ಕಾರ್ಯಾಚರಣೆಯಲ್ಲಿ ಬಿದ್ದ ಮನೆಗಳ ಪೈಕಿ ಖಾತೆಯೂ ಬ್ಯಾಂಕ್ ಸಾಲವೂ ಇದ್ದ ಮನೆಗಳಿದ್ದವು. ಅಧಿಕಾರಿಗಳು ಹಿಡಿದು ಬಂದದ್ದು ಗ್ರಾಮನಕ್ಷೆ. ಅದರಲ್ಲಿ ಕಾಲುವೆಯ ಗೆರೆ ಇತ್ತು. ನೆಲದ ಮೇಲೆ ಅದು ಎಂದೋ ಮುಚ್ಚಿ ಹೋಗಿ ಮೇಲೆ ಮನೆ ಎದ್ದಿತ್ತು. ಸ್ಥಳ ನೋಡಿ ಬರೆಯುವ ಇಂಜಿನಿಯರಿಗೆ ಮುಚ್ಚಿದ ಕಾಲುವೆ ಕಾಣುವುದಿಲ್ಲ. ಕಾಲುವೆಯನ್ನು ಯಾರೂ ಅಡ ಇಟ್ಟಿಲ್ಲವಾದ್ದರಿಂದ ಋಣಭಾರ ಪತ್ರದಲ್ಲಿ ಅದರ ಸುಳಿವಿರದು.

ಸುಳಿವು ಇರುವುದು ಎರಡು ಕಡೆ. ಒಂದು ಗ್ರಾಮನಕ್ಷೆ. ಇನ್ನೊಂದು ಪಹಣಿಯ 3ನೇ ಕಲಂ, ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಎ-ಖರಾಬು, ಬಿ-ಖರಾಬು ಎಂದು ಬೇರೆ ಬೇರೆ ತೋರಿಸಿರುತ್ತಾರೆ. ಎ-ಖರಾಬು ಬೇಸಾಯಕ್ಕೆ ಬಾರದ ನೆಲ. ಬಿ-ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಉಪಯೋಗದ್ದು, ಅದು ಮಾರಾಟದ ಸರಕಲ್ಲ. ಎರಡೆಕರೆ ಸರ್ವೆ ನಂಬರಿನಲ್ಲಿ ನಾಲ್ಕು ಗುಂಟೆ ಬಿ-ಖರಾಬು ಇದ್ದರೆ 4356 ಚದರಡಿ, ಮೂರೂವರೆ ಸೈಟಿಗಿಂತ ಹೆಚ್ಚು. ಆ ನಾಲ್ಕು ಗುಂಟೆ ಲೇಔಟಿನಲ್ಲಿ ಎಲ್ಲಿ ಹೋಯಿತು ಎಂದು ಕೇಳುವುದು ಕೊಳ್ಳುವವರ ಕೆಲಸ. ಇದರ ಮೇಲೆ ಕಾಲುವೆಯ ಪಕ್ಕ ಕಟ್ಟಡ ಕಟ್ಟಬಾರದ ಮೀಸಲು ವಲಯವೂ ಉಂಟು: ಬೆಂಗಳೂರಿನ 'ಮಹಾಯೋಜನೆ 2015' ದೊಡ್ಡ ಕಾಲುವೆಗೆ 50, ಎರಡನೇ ದರ್ಜೆಗೆ 25, ಮೂರನೆಯದಕ್ಕೆ 15 ಮೀಟರ್ ಎಂದು ಗೊತ್ತುಮಾಡಿತ್ತು.

ಯಾರ ವಾದ ಏನು

ಪ್ರತಿ ಸೈಟಿನ ಮಾರಾಟಕ್ಕೂ ಸರ್ವೆ ನಕ್ಷೆ ಕಡ್ಡಾಯ ಮಾಡಿ ಎನ್ನುವವರು ಕೃಷಿ ಜಮೀನನ್ನು ತೋರಿಸುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ 11ಇ ನಕ್ಷೆ ಬೇಕೇ ಬೇಕು, ಮಾರುವ ತುಂಡು ಎಲ್ಲಿ ಎಂದು ಮೊದಲೇ ಗೊತ್ತಾಗುತ್ತದೆ. ಕೆಲವು ಗುಂಟೆ ಹೊಲಕ್ಕೆ ಇರುವ ಕಟ್ಟುನಿಟ್ಟು ಕೋಟಿ ರೂಪಾಯಿಯ ಸೈಟಿಗೆ ಏಕಿಲ್ಲ? ನೋಂದಣಿ ಕಾಯ್ದೆ ಆಸ್ತಿಯನ್ನು ಗುರುತಿಸುವಷ್ಟು ವಿವರ ಕೇಳುತ್ತದೆಯೇ ಹೊರತು ಅಳತೆಯ ಸತ್ಯಾಸತ್ಯ ನೋಡು ಎಂದು ಉಪನೋಂದಣಾಧಿಕಾರಿಗೆ ಹೇಳಿಲ್ಲ. ಎದುರು ವಾದವೂ ಗಟ್ಟಿಯೇ: ಈಗಿರುವ ಅರ್ಜಿಗಳನ್ನೇ ಮುಗಿಸಲು ಭೂಮಾಪಕರು ಸಾಲರು, ಅಳೆಯಲು ಆಧಾರವೇ ಇಲ್ಲದ ರೆವಿನ್ಯೂ ಬಡಾವಣೆಗಳಲ್ಲಿ ಕಡ್ಡಾಯ ಮಾಡಿದರೆ ಮಾರಾಟವೇ ನಿಲ್ಲುತ್ತದೆ. ಅನುಮೋದಿತ ಲೇಔಟುಗಳಿಂದ ಶುರುಮಾಡಿ, ಸೈಟ್ ಬಿಡುಗಡೆಯ ಹೊತ್ತಿಗೇ ಮೂಲೆಗಳ ನಿರ್ದೇಶಾಂಕ ದಾಖಲಿಸುವುದು ಕಾರ್ಯಸಾಧ್ಯ ಅನ್ನಿಸುತ್ತದೆ. ಹಳೆಯದನ್ನು ಸರಿಮಾಡುವುದಕ್ಕಿಂತ ಹೊಸದನ್ನು ಕೆಡದಂತೆ ನೋಡಿಕೊಳ್ಳುವುದು ಅಗ್ಗ.

ತಕರಾರು ಎದ್ದಾಗ ಯಾವ ಕಾಗದಕ್ಕೆ ತೂಕ

ಕ್ರಯಪತ್ರದಲ್ಲಿ ಅಳತೆಗೂ ಚಕ್ಕುಬಂದಿಗೂ ಹೊಂದದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಹಾಗಾಗಿ "30 ಅಡಿ ಎಂದು ಬರೆದಿದೆ" ಎಂಬುದೊಂದೇ ಗೆಲ್ಲಿಸದು. ಸಿವಿಲ್ ದಾವೆಯಲ್ಲಿ ನಾಗರಿಕ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ ಪ್ರಕಾರ ಕೋರ್ಟ್ ಕಮಿಷನರನ್ನು ನೇಮಿಸಬಹುದು. ಗಡಿ ಮೊಕದ್ದಮೆಗಳಲ್ಲಿ ಈ ಕೆಲಸ ಹಲವು ಸಲ ಭೂಮಾಪನ ಇಲಾಖೆಯ ಅಧಿಕಾರಿಗೇ ಬರುತ್ತದೆ. ಬ್ಯಾಂಕಿನ ಮೌಲ್ಯಮಾಪನ ವರದಿ ಅಲ್ಲಿ ಗಡಿಗೆ ಸಾಕ್ಷಿಯಾಗಿ ನಿಲ್ಲುವುದು ಕಷ್ಟ, "ಸರ್ವೆ ಮಾಡಿಲ್ಲ" ಎಂದು ಅದೇ ಹೇಳಿಕೊಂಡಿದೆ.

ಹದ್ದುಬಸ್ತು ಕೂಡ ಬಿದ್ದುಹೋಗುವುದುಂಟು. ಮುಖ್ಯ ಕಾರಣ ನೋಟಿಸ್. ಪಕ್ಕದವರಿಗೆ ತಿಳಿಸದೆ ಅಳೆದಿದ್ದರೆ ಅವರು "ನನ್ನ ಬೆನ್ನ ಹಿಂದೆ ಮಾಡಿದ್ದು" ಎಂದರೆ ಸಾಕು. ನೋಟಿಸ್ ಮುಟ್ಟಿದ ಸಹಿ ಕಡತದಲ್ಲಿದೆಯೇ ಎಂದು ಆ ದಿನವೇ ನೋಡಿಕೊಳ್ಳಬೇಕು. ಎರಡನೆಯದು, ಭೂಮಾಪಕರು ಗಡಿ ತೋರಿಸಬಲ್ಲರು, ಪಕ್ಕದವರ ಗೋಡೆ ಕೆಡವಿಸಲಾರರು. ಅದಕ್ಕೆ ಕೋರ್ಟೇ ಬೇಕು, ಅಲ್ಲಿ ಕಾಲಮಿತಿ ಇದೆ. ನಿಮ್ಮ ಜಾಗದಲ್ಲಿ ಖಾಸಗಿಯವರು 12 ವರ್ಷ ನಿಮಗೆ ವಿರುದ್ಧವಾಗಿ ಬಹಿರಂಗವಾಗಿ ಸ್ವಾಧೀನದಲ್ಲಿದ್ದರೆ ಪ್ರತಿಕೂಲ ಸ್ವಾಧೀನದ ವಾದ ಹುಟ್ಟುತ್ತದೆ. ಸರ್ಕಾರಿ ಜಾಗಕ್ಕೆ ಆ ಅವಧಿ 30 ವರ್ಷ.

ಅಳೆಸುವುದು ಯಾವಾಗ, ಹೇಗೆ

ಮುಂಗಡ ಕೊಡುವ ಮುಂಚೆ. ಆಗಿನ್ನೂ ಬೆಲೆ ಮಾತಾಡುವ ಬಲ ಕೊಳ್ಳುವವರ ಕೈಲಿರುತ್ತದೆ. ಕರಾರಿನಲ್ಲಿ "ಅಳತೆ ಕಡಿಮೆ ಬಂದರೆ ಚದರಡಿ ದರದಂತೆ ಬೆಲೆ ಇಳಿಸತಕ್ಕದ್ದು" ಎಂಬ ಒಂದು ಸಾಲು ಸೇರಿಸಿದರೆ ಜಗಳ ಅರ್ಧ ತಗ್ಗುತ್ತದೆ. ಮನೆ ಈಗಾಗಲೇ ಇದ್ದರೆ, ಹಳೆಯ ಕಾಂಪೌಂಡ್ ಕೆಡವುವ ಮುಂಚೆ ಅಳೆಸಿ. ಗೋಡೆ ಬಿದ್ದ ಮೇಲೆ ಇದ್ದ ಗುರುತೂ ಹೋಗುತ್ತದೆ. ಕೆರೆ, ಹಳ್ಳ, ಖಾಲಿ ಸರ್ಕಾರಿ ಜಾಗಕ್ಕೆ ತಾಗಿದ ಸೈಟಿಗೆ ಸೈಟಿನ ಅಳತೆಯ ಜೊತೆ ಸರ್ವೆ ನಂಬರಿನ ಹದ್ದುಬಸ್ತು ಕೂಡ ಆಗಿರಬೇಕು.

ಖಾಸಗಿಯವರಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಎಲೆಕ್ಟ್ರಾನಿಕ್ ಉಪಕರಣ) ಸರ್ವೆ ಮಾಡಿಸುವುದಾದರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಗುರುತಿನಿಂದ ಶುರು ಮಾಡಿದಿರಿ? ಉತ್ತರ "ಕಾಂಪೌಂಡ್ ಮೂಲೆಯಿಂದ" ಎಂದಾದರೆ ಅದು ಬ್ಯಾಂಕಿನ ಅಳತೆಯ ದುಬಾರಿ ನಕಲು ಅಷ್ಟೇ. ಆಧಾರದ ಕಲ್ಲುಗಳು ಅಥವಾ ರಸ್ತೆಯ ಎರಡು ತುದಿ, ಮೂಲೆಗಳ ನಿರ್ದೇಶಾಂಕ, ಎರಡೂ ಕರ್ಣ, ಗೋಡೆಯ ದಪ್ಪ ಒಳಗೋ ಹೊರಗೋ ಎಂಬುದು ನಕ್ಷೆಯಲ್ಲಿ ಬರೆದಿರಬೇಕು.

ಅಳತೆ ಕಡಿಮೆ ಎಂದು ಸಾಲ ಪಡೆದ ಮೇಲೆ ಗೊತ್ತಾದರೆ ದಾರಿ ಉದ್ದ. ಕ್ರಯಪತ್ರಕ್ಕೆ ತಿದ್ದುಪಡಿ ಪತ್ರ ಆಗಬೇಕು, ಅದಕ್ಕೆ ಮಾರಿದವರೇ ಬಂದು ಸಹಿ ಹಾಕಬೇಕು. ಮೂಲಪತ್ರ ಬ್ಯಾಂಕಿನ ಕಪಾಟಿನಲ್ಲಿರುವುದರಿಂದ ಬ್ಯಾಂಕಿನ ಒಪ್ಪಿಗೆಯೂ ಬೇಕು. ಆಸ್ತಿ ಕುಗ್ಗಿದೆ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿದ ಮೇಲೆ ಅವರು ಮತ್ತೊಮ್ಮೆ ಮೌಲ್ಯಮಾಪನ ಮಾಡಿಸಬಹುದು, ಅದರ ಶುಲ್ಕವೂ ಸಾಲಗಾರರದೇ. ತಿದ್ದುಪಡಿ ನೋಂದಣಿಯಾದ ಮೇಲೆ ಇ-ಖಾತೆಯ ಅಳತೆ ಬದಲಿಸಲು ಪಾಲಿಕೆಗೆ ಬೇರೆ ಅರ್ಜಿ.